ಚಕ್ರದ ಕೆಳಗೆ ಒಂದು ನ್ಯಾಯ, ತಂತಿಯ ಕೆಳಗೆ ಇನ್ನೊಂದು

(ದತ್ತಿ ಉಪನ್ಯಾಸದ ಮುದ್ರಿತ ರೂಪ)



ಕೋರ್ಟಿನ ಮೆಟ್ಟಿಲು ಹತ್ತದವರಿಗೂ ತಿಳಿಯುವ ವಿಷಯವಾಗಿರಬೇಕು ಎಂಬುದು ಈ ದತ್ತಿಯ ಕರಾರು. ಹಾಗಾಗಿ ಯಾರ ಮನೆಗೂ ಬರಬಾರದ, ಆದರೆ ಯಾರ ಮನೆಗಾದರೂ ಬರಬಹುದಾದ ವಿಷಯವನ್ನೇ ಆರಿಸಿಕೊಂಡಿದ್ದೇನೆ. ಮನೆಯವರೊಬ್ಬರು ಇನ್ನೊಬ್ಬರ ತಪ್ಪಿನಿಂದ ಸತ್ತರೆ ಉಳಿದವರು ಪರಿಹಾರವನ್ನು ಎಲ್ಲಿ ಕೇಳಬೇಕು, ಹೇಗೆ ಕೇಳಬೇಕು, ಎಷ್ಟು ಸಿಗುತ್ತದೆ?

ಇಳಕಲ್ಲಿನಿಂದ ಶುರು ಮಾಡುತ್ತೇನೆ. ಒಬ್ಬಾತ ಪರಿಚಯದವರ ಬೈಕನ್ನು ಕೇಳಿ ಪಡೆದು ತನ್ನೂರು ಗುಡೂರಿಗೆ ಹೊರಟಿದ್ದ. ಇಳಕಲ್–ಕುಷ್ಟಗಿ ಹೆದ್ದಾರಿಯಲ್ಲಿ, ಮುಂದೆ ಕಬ್ಬಿಣದ ತಗಡು ಹೇರಿಕೊಂಡು ಹೋಗುತ್ತಿದ್ದ ಎತ್ತಿನ ಗಾಡಿ ತಟ್ಟನೆ ನಿಂತಿತು. ಬೈಕು ಗಾಡಿಗೆ ಬಡಿಯಿತು, ಆತ ಉಳಿಯಲಿಲ್ಲ. ಮನೆಯವರು ಬೈಕಿನ ವಿಮಾ ಕಂಪನಿಯ ಮೇಲೆ ಪರಿಹಾರದ ಅರ್ಜಿ ಹಾಕಿದರು. ಮೊಕದ್ದಮೆ ನ್ಯಾಯಮಂಡಳಿ, ಹೈಕೋರ್ಟು ದಾಟಿ ದೆಹಲಿಯವರೆಗೆ ಹೋಯಿತು. 2009ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದಿಷ್ಟು: ಎರವಲು ಬೈಕು ಓಡಿಸುವವನು ಮಾಲೀಕನ ಜಾಗದಲ್ಲಿ ನಿಂತಂತೆ, ಮಾಲೀಕ ತನ್ನಿಂದ ತಾನೇ ಪರಿಹಾರ ಕೇಳುವಂತಿಲ್ಲ, ಆದ್ದರಿಂದ ಮೋಟಾರು ವಾಹನ ಕಾಯ್ದೆಯ ಅಂದಿನ 163-ಎ ಕಲಮಿನಡಿ ಈ ಕುಟುಂಬಕ್ಕೆ ಹಕ್ಕಿಲ್ಲ. ಬೇರೆ ಕಲಮಿನಡಿ ನ್ಯಾಯವಾದ ಪರಿಹಾರ ಕೊಡಲು ಬರುತ್ತದೆಯೇ ನೋಡಿ ಎಂದು ಪ್ರಕರಣವನ್ನು ಮತ್ತೆ ಹೈಕೋರ್ಟಿಗೆ ಕಳಿಸಿತು.

ನಮ್ಮ ಹಳ್ಳಿಗಳಲ್ಲಿ ಬೈಕು ಎರವಲು ಕೇಳದ ಮನುಷ್ಯ ಇದ್ದಾನೆಯೇ? ಅಲ್ಲಿ ಎತ್ತಿನ ಗಾಡಿಯ ಬದಲು ಒಂದು ಲಾರಿ ಹಾಗೆ ತಟ್ಟನೆ ನಿಂತಿದ್ದರೆ ಮನೆಯವರ ಮುಂದೆ ಲಾರಿಯ ವಿಮಾ ಕಂಪನಿ ಇರುತ್ತಿತ್ತು. ಸಾವು ಅದೇ, ರಸ್ತೆ ಅದೇ, ಅನಾಥರಾದವರೂ ಅವರೇ. ನನ್ನ ವಾದ ಇಷ್ಟೇ: ನಮ್ಮ ದೇಶದಲ್ಲಿ ಅನ್ಯಾಯದ ಸಾವಿನ ಕಾನೂನು ಬೆಳೆದದ್ದು ವಿಮೆ ಇದ್ದ ಕಡೆ ಮಾತ್ರ. ವಿಮೆ ಇಲ್ಲದ ಕಡೆ ಅದು ಕಂಪನಿ ಸರ್ಕಾರದ ಕಾಲದಲ್ಲೇ ನಿಂತುಬಿಟ್ಟಿದೆ.

ಹಳೆಯ ಕಥೆಯನ್ನು ಸ್ವಲ್ಪ ಹೇಳದಿದ್ದರೆ ಇದು ಅರ್ಥವಾಗುವುದಿಲ್ಲ. 1808ರಲ್ಲಿ ಇಂಗ್ಲೆಂಡಿನಲ್ಲಿ ಕುದುರೆ ಸಾರೋಟು ಮಗುಚಿ, ಅದರಲ್ಲಿದ್ದ ಗಂಡಹೆಂಡಿರಲ್ಲಿ ಗಂಡನಿಗೆ ಗಾಯವಾಯಿತು. ಹೆಂಡತಿ ಸುಮಾರು ಒಂದು ತಿಂಗಳು ನರಳಿ ತೀರಿಕೊಂಡಳು. ಗಂಡ ದಾವೆ ಹಾಕಿದ. ನ್ಯಾಯಾಧೀಶ ಲಾರ್ಡ್ ಎಲೆನ್‌ಬರೋ ಕೊಟ್ಟ ನಿರ್ದೇಶನದಂತೆ ಗಂಡನ ಸ್ವಂತ ಗಾಯಕ್ಕೆ, ಹೆಂಡತಿ ಬದುಕಿದ್ದಷ್ಟು ದಿನ ಅವಳ ಜೊತೆ ತಪ್ಪಿದ್ದಕ್ಕೆ ಪರಿಹಾರ ಉಂಟು, ಅವಳ ಸಾವಿಗೆ ಮಾತ್ರ ಇಲ್ಲ. ಮನುಷ್ಯನ ಸಾವು ಸಿವಿಲ್ ಕೋರ್ಟು ನೋಡಬೇಕಾದ ನಷ್ಟವೇ ಅಲ್ಲ ಎಂಬುದು ಅಂದಿನ ಸಿದ್ಧಾಂತ. ಕೈಕಾಲು ಮುರಿದವನಿಗಿಂತ ಪೂರ್ತಿ ಸಾಯಿಸಿದವನು ಅಗ್ಗದಲ್ಲಿ ಪಾರಾಗುವ ವಿಚಿತ್ರ ಕಾನೂನು! ರೈಲು ಬಂದು ಹೆಣಗಳ ಸಂಖ್ಯೆ ಹೆಚ್ಚಿದ ಮೇಲೆ, 1846ರಲ್ಲಿ, ಲಾರ್ಡ್ ಕ್ಯಾಂಬೆಲ್ ಹೆಸರಿನ ಕಾಯ್ದೆ ಇದನ್ನು ತಿದ್ದಿತು. ಮುಂಬಯಿ–ಠಾಣೆ ರೈಲು ಓಡಿದ್ದು 1853ರಲ್ಲಿ. ಎರಡೇ ವರ್ಷಕ್ಕೆ, 1855ರಲ್ಲಿ, ಅದೇ ಕಾಯ್ದೆಯ ಅಚ್ಚು ಮಾರಕ ಅಪಘಾತಗಳ ಕಾಯ್ದೆಯಾಗಿ ಇಲ್ಲಿಗೂ ಬಂತು. ಕೆಲವೇ ಕಲಮುಗಳ ಪುಟ್ಟ ಕಾಯ್ದೆ. ಹೆಂಡತಿ, ಗಂಡ, ತಂದೆತಾಯಿ, ಮಕ್ಕಳ ಪರವಾಗಿ ದಾವೆ ಹಾಕಬಹುದು; ತಮ್ಮನನ್ನು ಸಾಕಿದ ಅಣ್ಣ ಸತ್ತರೆ ತಮ್ಮನಿಗೆ ಅದರಲ್ಲಿ ಜಾಗವಿಲ್ಲ. ಅದು ಇವತ್ತಿಗೂ ಜಾರಿಯಲ್ಲಿದೆ.

ಆಮೇಲೆ ಮೋಟಾರು ಬಂತು. 1939ರ ಮೋಟಾರು ವಾಹನ ಕಾಯ್ದೆ ಮೂರನೆಯವರ ವಿಮೆಯನ್ನು ಕಡ್ಡಾಯ ಮಾಡಿತು. 1956ರ ತಿದ್ದುಪಡಿ ಅಪಘಾತ ಪರಿಹಾರಕ್ಕೆಂದೇ ನ್ಯಾಯಮಂಡಳಿ ಕೊಟ್ಟಿತು. ಈಗಿರುವುದು 1988ರ ಕಾಯ್ದೆ. ನಮ್ಮ ಕೋರ್ಟುಗಳಲ್ಲಿ ‘ಎಂವಿಸಿ ಕೇಸು’ ಎನ್ನುವುದು ಇದನ್ನೇ. ಕೋರ್ಟ್ ಶುಲ್ಕ ಹೆಸರಿಗಷ್ಟೇ. ಅಪಘಾತ ಚಿತ್ರದುರ್ಗದ ಹೆದ್ದಾರಿಯಲ್ಲಾಗಿ ಮನೆಯವರು ಬೀದರಿನಲ್ಲಿದ್ದರೆ ಬೀದರಿನಲ್ಲೇ ಅರ್ಜಿ ಹಾಕಬಹುದು. ತಮ್ಮನೂ ಅರ್ಜಿ ಹಾಕಬಹುದೆಂದು ಸುಪ್ರೀಂ ಕೋರ್ಟು 1987ರಲ್ಲೇ ಹೇಳಿತು. ಮದುವೆಯಾದ ಹೆಣ್ಣುಮಕ್ಕಳಿಗೆ ಪಾಲಿಲ್ಲ ಎನ್ನುವ ವಿಮಾ ಕಂಪನಿಗಳ ಹಳೆಯ ತಕರಾರನ್ನು, ಹುಬ್ಬಳ್ಳಿ ಬಳಿಯ ಯಮನೂರಿನ ಅಪಘಾತವೊಂದರಲ್ಲಿ, ನಮ್ಮ ಹೈಕೋರ್ಟು 2022ರಲ್ಲಿ ತಳ್ಳಿಹಾಕಿತು. ಮದುವೆಯಾದ ಮಗನಿಗಿಲ್ಲದ ಪ್ರಶ್ನೆ ಮಗಳಿಗೇಕೆ ಎಂಬುದು ತೀರ್ಪಿನ ತಿರುಳು.

ಇನ್ನು ಲೆಕ್ಕಕ್ಕೆ ಬರೋಣ. ಜನರಿಗೆ ಅತ್ಯಂತ ಕುತೂಹಲ ಇರುವುದು, ಅತ್ಯಂತ ಕಡಿಮೆ ತಿಳಿದಿರುವುದು ಇದೇ. 2009ರ ಸರಳಾ ವರ್ಮಾ ತೀರ್ಪು, 2017ರ ಅಕ್ಟೋಬರ್ 31ರಂದು ಸಂವಿಧಾನ ಪೀಠ ಕೊಟ್ಟ ಪ್ರಣಯ್ ಸೇಠಿ ತೀರ್ಪು, ಈ ಎರಡರ ಮೇಲೆ ಇಡೀ ಲೆಕ್ಕ ನಿಂತಿದೆ. ಮೂವತ್ತೈದು ವರ್ಷದ ಗಾರೆ ಕೆಲಸದವನೊಬ್ಬನನ್ನು ಊಹಿಸಿಕೊಳ್ಳಿ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ತಿಂಗಳ ದುಡಿಮೆ 15,000 ರೂಪಾಯಿ. ಮುಂದೆ ಕೂಲಿ ಏರುತ್ತಿತ್ತೆಂದು ನಲವತ್ತರ ಒಳಗಿನ ಸ್ವಂತ ದುಡಿಮೆಯವರಿಗೆ ಶೇಕಡಾ 40 ಸೇರಿಸುತ್ತಾರೆ, 21,000 ಆಯಿತು. ವರ್ಷಕ್ಕೆ 2,52,000. ಅವನ ಸ್ವಂತ ಖರ್ಚಿಗೆ, ಅವಲಂಬಿತರು ನಾಲ್ವರಾದ್ದರಿಂದ ನಾಲ್ಕರಲ್ಲಿ ಒಂದು ಭಾಗ ಕಳೆದರೆ 1,89,000. ಎಷ್ಟು ವರ್ಷದ ದುಡಿಮೆ ಹಿಡಿಯಬೇಕೆಂದು ಹೇಳುವ ಗುಣಕ ಮೂವತ್ತೈದರ ವಯಸ್ಸಿಗೆ 16. ಗುಣಿಸಿದರೆ 30,24,000. ಇದರ ಮೇಲೆ ಅಂತ್ಯಕ್ರಿಯೆಗೆ, ಆಸ್ತಿನಷ್ಟಕ್ಕೆ ತಲಾ 15,000. ಸಾಂಗತ್ಯದ ನಷ್ಟಕ್ಕೆ 40,000. ಈ ಮೊತ್ತಗಳು ಮೂರು ವರ್ಷಕ್ಕೊಮ್ಮೆ ಶೇಕಡಾ 10ರಂತೆ ಏರಬೇಕು. ಸಾಂಗತ್ಯದ ಹಣ ಹೆಂಡತಿಗೆ ಮಾತ್ರವಲ್ಲ, ಮಕ್ಕಳಿಗೂ ತಂದೆತಾಯಿಗೂ ಸಲ್ಲುತ್ತದೆ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು.

ಈಗ ಒಂದೇ ಒಂದು ಅಂಕಿ ಬದಲಿಸಿ. ದುಡಿಮೆ 15,000 ಎಂಬುದಕ್ಕೆ ದಾಖಲೆ ಇಲ್ಲ, ನ್ಯಾಯಮಂಡಳಿ 10,000 ಎಂದು ಹಿಡಿಯಿತು. ಅದೇ ದಾರಿಯಲ್ಲಿ ಲೆಕ್ಕ ಹಾಕಿದರೆ 20,16,000. ತಿಂಗಳಿಗೆ ಐದು ಸಾವಿರದ ಕಾಗದ ಇಲ್ಲದ್ದಕ್ಕೆ ಹತ್ತು ಲಕ್ಷ ಹೋಯಿತು!

ಪಾಟಿ ಸವಾಲಿನಲ್ಲಿ ಇದು ಹೇಗೆ ನಡೆಯುತ್ತದೆ ಎಂಬುದು ಇಲ್ಲಿರುವ ವಕೀಲರಿಗೆಲ್ಲ ಗೊತ್ತು. ‘ನಿಮ್ಮ ಯಜಮಾನರ ಸಂಪಾದನೆಗೆ ದಾಖಲೆ ಇದೆಯೇನಮ್ಮ?’ ‘ಶನಿವಾರ ಬಟವಾಡೆ ಆದ ಮೇಲೆ ಕೈಗೆ ತಂದು ಕೊಡುತ್ತಿದ್ದರು ಸ್ವಾಮಿ.’ ‘ಅಂದರೆ ದಾಖಲೆ ಇಲ್ಲ.’ ಅಷ್ಟಕ್ಕೆ ಮುಗಿಯಿತು. ಕೂಲಿಯವರಿಂದ ಸಂಬಳದ ಚೀಟಿ ನಿರೀಕ್ಷಿಸಬಾರದೆಂದು ಸುಪ್ರೀಂ ಕೋರ್ಟು ಹೇಳಿದೆ. 2011ರಲ್ಲಿ ಕರ್ನಾಟಕದ ಒಬ್ಬ ಕೂಲಿಕಾರನ ವಿಷಯದಲ್ಲೂ, 2014ರಲ್ಲಿ ಒಬ್ಬ ತರಕಾರಿ ವ್ಯಾಪಾರಿಯ ವಿಷಯದಲ್ಲೂ, ಕಾಗದವಿಲ್ಲದಿದ್ದರೂ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯಿತು. ಇವೆರಡೂ ಗಾಯದ ಪ್ರಕರಣಗಳು, ಆದರೆ ದುಡಿಮೆಯ ಲೆಕ್ಕ ಎರಡು ಕಡೆಯೂ ಒಂದೇ. ದಾಖಲೆ ಇಲ್ಲದವರಿಗೆ ನಮ್ಮಲ್ಲಿ ಲೋಕ ಅದಾಲತ್ತಿಗೆಂದು ಮಾಡಿಕೊಂಡ ವರ್ಷವಾರು ಕಾಲ್ಪನಿಕ ಆದಾಯದ ಪಟ್ಟಿಯಿದೆ, ನ್ಯಾಯಾಲಯಗಳೂ ಅದನ್ನೇ ನೋಡುತ್ತವೆ. ಏನೂ ಇಲ್ಲದವನಿಗೆ ಅದು ನೆಲ. ಆದರೆ ಎಷ್ಟೋ ಕಡೆ ಅದೇ ಸೂರೂ ಆಗಿಬಿಟ್ಟಿದೆ. ಕುಶಲ ಗಾರೆಯವನಿಗೂ ಮಣ್ಣು ಹೊರುವವನಿಗೂ ಒಂದೇ ಅಂಕಿ. ಆದ್ದರಿಂದ ಕಕ್ಷಿದಾರರು ಮೊದಲ ಸಲ ಬಂದಾಗಲೇ ಮೇಸ್ತ್ರಿಯ ಹಾಜರಿ ಪುಸ್ತಕ, ಕಟ್ಟಡ ಕಾರ್ಮಿಕರ ಕಾರ್ಡು, ಫೋನ್‌ಪೇಗೆ ಬಂದ ಹಣದ ವಿವರ, ಸಂಘದ ಸಾಲದ ಪುಸ್ತಕ, ಹಾಲಿನ ಡೇರಿಯ ಚೀಟಿ ತರಲು ಹೇಳಿ. ಸತ್ತವರ ಮೊಬೈಲನ್ನು ಮಾರಬೇಡಿ, ಸಿಮ್ಮು ನಿಲ್ಲಿಸಬೇಡಿ ಎಂದೂ ಹೇಳಿ. ಈಗಿನ ದುಡಿಮೆಯ ಲೆಕ್ಕವೆಲ್ಲ ಅದರಲ್ಲೇ ಇರುತ್ತದೆ.

ಕಾಗದವೇ ಹುಟ್ಟದ ದುಡಿಮೆ ಇನ್ನೊಂದಿದೆ, ಮನೆಯಾಕೆಯದು. 1994ರಲ್ಲಿ ಕಾಯ್ದೆಗೆ ಸೇರಿಸಿದ ಅನುಸೂಚಿಯು ಸಂಪಾದನೆಯಿಲ್ಲದ ಹೆಂಡತಿಯ ಆದಾಯವನ್ನು ಗಂಡನ ಆದಾಯದ ಮೂರನೇ ಒಂದು ಭಾಗ ಎಂದಿತ್ತು. ಗಂಡನಿಗೆ ಬಡ್ತಿ ಬಂದರೆ ಹೆಂಡತಿ ಮಾಡಿದ ರೊಟ್ಟಿಗೂ ಬೆಲೆ ಹೆಚ್ಚು ಎಂದ ಹಾಗೆ. 2010ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಎ.ಕೆ. ಗಂಗೂಲಿ, 2001ರ ಜನಗಣತಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳ ಜೊತೆಯಲ್ಲಿ ದುಡಿಯದವರ ಗುಂಪಿಗೆ ಹಾಕಿದ್ದನ್ನು ಖಂಡಿಸಿ ಬರೆದರು. 2021ರ ಜನವರಿಯಲ್ಲಿ ಅದೇ ಕೋರ್ಟು, ಗೃಹಿಣಿಯ ಲೆಕ್ಕದಲ್ಲೂ ಭವಿಷ್ಯದ ಏರಿಕೆಯನ್ನು ಸೇರಿಸಬೇಕೆಂದಿತು. ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಾರೆ ಎಂಬುದನ್ನೂ ತೀರ್ಪು ಎತ್ತಿಕೊಂಡಿತು. ಹೊಲ, ಹಟ್ಟಿ, ಒಲೆ ಮೂರನ್ನೂ ನೋಡುವ ರೈತ ಹೆಂಗಸಿನ ಲೆಕ್ಕ ಮಾತ್ರ ಇನ್ನೂ ಸರಿಯಾಗಿಲ್ಲವೆಂದೇ ನನ್ನ ಅಭಿಪ್ರಾಯ. ಅವಳನ್ನು ಗೃಹಿಣಿ ಎಂದರೆ ಹೊಲದ ಕೆಲಸ ಬಿಟ್ಟುಹೋಗುತ್ತದೆ, ಕೂಲಿ ಎಂದರೆ ಮನೆಯ ಕೆಲಸ ಬಿಟ್ಟುಹೋಗುತ್ತದೆ.

ಅವಧಿಯ ಮಾತು. 2019ರ ತಿದ್ದುಪಡಿ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ನಿಯಮ ಮರಳಿ ಬಂದಿದೆ. 1994ರಲ್ಲಿ ಸಂಸತ್ತೇ ತೆಗೆದುಹಾಕಿದ್ದ ಗಡುವು ಇದು. ವೈಕುಂಠ ಸಮಾರಾಧನೆ, ಮಾಸಿಕ, ಮಕ್ಕಳ ಶಾಲೆ, ಸಾಲಗಾರರ ಕಾಟ ಎನ್ನುವಷ್ಟರಲ್ಲಿ ಆರು ತಿಂಗಳು ಕಳೆದಿರುತ್ತದೆ. ಈ ಗಡುವಿನ ಸಿಂಧುತ್ವ ಸುಪ್ರೀಂ ಕೋರ್ಟಿನ ಮುಂದಿದೆ. ಅದನ್ನು ನಂಬಿ ಯಾರೂ ತಡಮಾಡಬೇಡಿ. ಒಳ್ಳೆಯದೊಂದೂ ಬಂದಿದೆ: ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನೂ 90 ದಿನದೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಕಳಿಸಬೇಕು. ಆ ವರದಿಯನ್ನೇ ಪರಿಹಾರದ ಅರ್ಜಿಯೆಂದು ಪರಿಗಣಿಸಲು ಅವಕಾಶವಿದೆ. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಕಟ್ಟುನಿಟ್ಟಾಗಿ ಪಾಲಿಸಲು ಹೇಳಿತು. ಠಾಣೆಗೆ ಹೋದಾಗ ಎಫ್‌ಐಆರ್ ಪ್ರತಿ ಕೇಳುವ ಹಾಗೆ ‘ನ್ಯಾಯಮಂಡಳಿಗೆ ವರದಿ ಕಳಿಸಿದಿರಾ ಸಾರ್?’ ಎಂದೂ ಕೇಳಬೇಕು. ಸ್ಥಳ ಮಹಜರು, ಶವ ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ, ಮೋಟಾರು ವಾಹನ ನಿರೀಕ್ಷಕರ ವರದಿ, ಇವುಗಳ ನಕಲು ಇಲ್ಲದೆ ಕೇಸು ನಡೆಯದು. ಸತ್ತವನದೇ ತಪ್ಪು ಎಂದು ಮಹಜರಿನಲ್ಲಿ ಒಂದು ಸಾಲು ಸೇರಿಕೊಂಡರೆ ಆಮೇಲೆ ವರ್ಷಗಟ್ಟಲೆ ಅದರೊಡನೆ ಗುದ್ದಾಡಬೇಕಾಗುತ್ತದೆ. ಗುದ್ದಿದ ವಾಹನ ಪತ್ತೆಯೇ ಆಗದಿದ್ದರೂ ಕೈಚೆಲ್ಲಬೇಕಿಲ್ಲ: ತಾಲ್ಲೂಕು ಅಥವಾ ಉಪವಿಭಾಗದ ಕಂದಾಯ ಅಧಿಕಾರಿಗೆ ಅರ್ಜಿ ಕೊಟ್ಟರೆ ಸಾವಿಗೆ 2 ಲಕ್ಷ ಸಿಗುತ್ತದೆ. ವಾಹನ ಗೊತ್ತಿದ್ದು, ತಪ್ಪು ಯಾರದೆಂದು ಸಾಬೀತು ಮಾಡದೆ ಕೇಳುವ ದಾರಿಯಲ್ಲಿ 5 ಲಕ್ಷ.

ನಮ್ಮ ವೃತ್ತಿಯ ಬಗ್ಗೆಯೂ ಒಂದು ಮಾತು, ಮಿತ್ರರು ಬೇಸರ ಮಾಡಿಕೊಳ್ಳಬಾರದು. ಶವಾಗಾರದ ಮುಂದೆ ವಕಾಲತ್ತು ಹಿಡಿದು ನಿಲ್ಲುವ ಏಜೆಂಟರು ಎಲ್ಲ ಊರಲ್ಲೂ ಇದ್ದಾರೆ. ಬಂದ ಹಣದಲ್ಲಿ ಇಷ್ಟು ಪಾಲು ಎಂದು ಒಪ್ಪಂದ ಮಾಡಿಕೊಳ್ಳುವುದನ್ನು ವಕೀಲರ ಪರಿಷತ್ತಿನ ನಿಯಮ ನಿಷೇಧಿಸಿದೆ. ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲದೆ ಉಚಿತ ಕಾನೂನು ನೆರವು 1987ರ ಕಾಯ್ದೆಯಲ್ಲೇ ಇದೆ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಕೋರ್ಟಿನ ಆವರಣದಲ್ಲೇ ಇರುತ್ತದೆ. ಏಜೆಂಟ್ ಹೆಣದ ಬಳಿಗೆ ಬರುತ್ತಾನೆ, ಪ್ರಾಧಿಕಾರ ಕುರ್ಚಿಯಲ್ಲಿ ಕಾಯುತ್ತದೆ. ವ್ಯತ್ಯಾಸ ಅಷ್ಟೇ.

ತೀರ್ಪಾದ ಮೇಲೂ ಹಣ ಪೂರ್ತಿ ಕೈಗೆ ಬರುವುದಿಲ್ಲ. ವಿಧವೆಯರಿಗೆ ಯಾರೂ ಮೋಸ ಮಾಡದಿರಲಿ ಎಂದು ದೊಡ್ಡ ಭಾಗವನ್ನು ಬ್ಯಾಂಕಿನಲ್ಲಿ ಠೇವಣಿ ಇಡುವ ಪದ್ಧತಿ 1993ರ ಒಂದು ತೀರ್ಪಿನಿಂದ ಬಲವಾಯಿತು. ಉದ್ದೇಶ ಒಳ್ಳೆಯದೇ. ಆದರೆ ಮಗಳ ಮದುವೆಗೋ ಮನೆ ರಿಪೇರಿಗೋ ತನ್ನದೇ ಹಣ ಬೇಕಾದಾಗ ಆಕೆ ಮತ್ತೆ ವಕೀಲರನ್ನು ಹಿಡಿದು ಅರ್ಜಿ ಹಾಕಬೇಕು. 2012ರಲ್ಲಿ ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ಓದುಬರಹ ಬಲ್ಲ, ವ್ಯವಹಾರ ತಿಳಿದ ಹೆಂಗಸಿನ ಹಣವನ್ನು ಯಾಂತ್ರಿಕವಾಗಿ ಕಟ್ಟಿಹಾಕಬೇಡಿ ಎಂದಿತು. ಇನ್ನು ಹಣ ಕೊಡಬೇಕಾದದ್ದು ಸಾರಿಗೆ ನಿಗಮವಾದರೆ ಕೆಲವೊಮ್ಮೆ ಅಮೀನರು ಬಸ್ ನಿಲ್ದಾಣಕ್ಕೇ ಹೋಗಿ ಬಸ್ಸು ಜಪ್ತಿ ಮಾಡಬೇಕಾಗುತ್ತದೆ. ಪತ್ರಿಕೆಯಲ್ಲಿ ಆ ಫೋಟೊ ನೋಡಿ ನಾವು ನಗುತ್ತೇವೆ. ಗೆದ್ದ ಮೇಲೂ ಆ ಮನೆಯವರು ಎಷ್ಟು ವರ್ಷ ಕಾದರು ಎಂಬುದು ಫೋಟೊದಲ್ಲಿ ಕಾಣುವುದಿಲ್ಲ.

ಇಷ್ಟೆಲ್ಲ ಕೊರತೆ ಇದ್ದರೂ ಮೋಟಾರು ಅಪಘಾತದ್ದು ನಡೆಯುವ ಕಾನೂನು. ವಿಮಾನದ್ದೂ ಹಾಗೇ. 2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ಸತ್ತರು. ಅಂತರರಾಷ್ಟ್ರೀಯ ವಿಮಾನಗಳಿಗೆ ಪರಿಹಾರದ ಹೊಣೆ ಹೊರಿಸುವ ಮಾಂಟ್ರಿಯಲ್ ಒಪ್ಪಂದವಿದೆ, ಕಂಪನಿಯ ಹಿಂದೆ ವಿಮೆಯಿದೆ. ಮೃತರಲ್ಲಿ 45 ವರ್ಷದ ಒಬ್ಬ ಹಿರಿಯ ಅಧಿಕಾರಿಯ ಕುಟುಂಬಕ್ಕೆ 2020ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು 7.64 ಕೋಟಿ ರೂಪಾಯಿ ನಿಗದಿ ಮಾಡಿತು. ಹತ್ತು ವರ್ಷ ಹಿಡಿಯಿತು, ಆದರೂ ಬಂತು. ರೈಲಿನದು ಸೀದಾ ದರಪಟ್ಟಿ: 2017ರಿಂದ ಪ್ರಯಾಣಿಕನ ಸಾವಿಗೆ 8 ಲಕ್ಷ.

ಈಗ ಚಕ್ರವಿಲ್ಲದ ಸಾವುಗಳನ್ನು ನೋಡಿ. ಮಳೆಗಾಲದಲ್ಲಿ ಹರಿದು ಬಿದ್ದ ವಿದ್ಯುತ್ ತಂತಿ ತುಳಿದ ರೈತ, ತೆರೆದ ಚರಂಡಿಗೆ ಬಿದ್ದ ಮಗು, ಕುಸಿದ ಗೋಡೆಯ ಕೆಳಗೆ ಸಿಕ್ಕವರು. ತತ್ತ್ವದಲ್ಲಿ ಇವರಿಗೂ ಕಾನೂನು ಗಟ್ಟಿಯಾಗಿಯೇ ಇದೆ. ಮಧ್ಯಪ್ರದೇಶದಲ್ಲಿ ಕಾರ್ಖಾನೆಯಿಂದ ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿದ್ದ ಕಾರ್ಮಿಕ ರಸ್ತೆಯಲ್ಲಿ ಬಿದ್ದಿದ್ದ ತಂತಿಗೆ ಸಿಕ್ಕಿ ಸತ್ತ. ಯಾರೋ ಕರೆಂಟು ಕದಿಯಲು ಎಳೆದ ತಂತಿ ಅದು ಎಂದು ವಿದ್ಯುತ್ ಮಂಡಳಿ ವಾದಿಸಿತು. 2002ರಲ್ಲಿ ಸುಪ್ರೀಂ ಕೋರ್ಟು ಆ ವಾದ ಒಪ್ಪಲಿಲ್ಲ: ಇಂಥ ಅಪಾಯಕಾರಿ ವಸ್ತುವನ್ನು ಹರಿಸುವವರು ಅದರಿಂದಾದ ಸಾವಿಗೆ, ನಿರ್ಲಕ್ಷ್ಯ ಸಾಬೀತಾಗದಿದ್ದರೂ, ಹೊಣೆ. ಆದರೆ ಆ ತತ್ತ್ವವನ್ನು ಕೈಗೆ ತಂದುಕೊಡುವ ನ್ಯಾಯಮಂಡಳಿ ಎಲ್ಲಿದೆ? ಸಿವಿಲ್ ದಾವೆ ಹಾಕಬೇಕು, 1855ರ ಕಾಯ್ದೆಯ ಕೆಳಗೆ, ಸಾವಿನಿಂದ ಎರಡೇ ವರ್ಷದೊಳಗೆ. ಕೇಳುವ ಹಣಕ್ಕೆ ತಕ್ಕ ಕೋರ್ಟ್ ಶುಲ್ಕ ಕಟ್ಟಬೇಕು, ಇಲ್ಲವೆ ಬಡವರೆಂದು ಸಾಬೀತು ಮಾಡುವ ಅರ್ಜಿಯ ವಿಚಾರಣೆಯಲ್ಲೇ ದಿನ ಕಳೆಯಬೇಕು. ಶುಲ್ಕಕ್ಕೆ ಹೆದರಿ ಹತ್ತು ಲಕ್ಷ ಕೇಳಬೇಕಾದವರು ಎರಡು ಲಕ್ಷ ಕೇಳುವುದನ್ನು ಕಂಡಿದ್ದೇನೆ. ಹೈಕೋರ್ಟಿಗೆ ರಿಟ್ ಹಾಕುವ ದಾರಿಯೂ ಇದೆ. ಸಂಗತಿಗಳೇ ವಿವಾದದಲ್ಲಿದ್ದರೆ ಸಿವಿಲ್ ಕೋರ್ಟಿಗೆ ಹೋಗಿ ಎಂದು ಅಲ್ಲಿಂದ ಕಳಿಸುವುದುಂಟು. ಹೀಗಾಗಿ ಬಹುಪಾಲು ಮನೆಗಳು ಶಾಸಕರ ಕೈಯಿಂದ ಒಂದು ಚೆಕ್ಕು ಪಡೆದು ಸುಮ್ಮನಾಗುತ್ತವೆ. ಆ ಚೆಕ್ಕು ಅನುಗ್ರಹ, ಹಕ್ಕಿನ ಹಣ ಬೇರೆ. ‘ಪೂರ್ಣ ತೃಪ್ತಿಯಾಗಿದೆ, ಮುಂದೆ ಏನೂ ಕೇಳುವುದಿಲ್ಲ’ ಎಂಬ ಕಾಗದಕ್ಕೆ ಸಹಿ ಕೇಳಿದರೆ ಅಲ್ಲೇ ನಿಲ್ಲಿ, ಯಾರಿಗಾದರೂ ತೋರಿಸಿ.

ಮಲಗುಂಡಿ, ಚರಂಡಿಗಿಳಿದು ಸತ್ತವರಿಗೆ ಮಾತ್ರ ಸುಪ್ರೀಂ ಕೋರ್ಟು 2014ರಲ್ಲಿ 10 ಲಕ್ಷ, 2023ರ ಅಕ್ಟೋಬರಿನಲ್ಲಿ 30 ಲಕ್ಷ ಎಂದು ನಿಗದಿ ಮಾಡಿದೆ. ಸಂಘಟಿತ ಹೋರಾಟ ಬೆನ್ನಿಗಿದ್ದುದರಿಂದ ಅದು ಸಾಧ್ಯವಾಯಿತು. ತಂತಿ ತುಳಿದು ಸತ್ತವರಿಗೆ ಸಂಘವಿಲ್ಲ.

ಸಂಸತ್ತು ಎಲ್ಲ ಅನ್ಯಾಯದ ಸಾವುಗಳಿಗೂ ಒಂದೇ ನ್ಯಾಯಮಂಡಳಿ ತರಲಿ ಎಂದು ಕೇಳುವುದು ಸುಲಭ, ಕಾಯುವುದು ಕಷ್ಟ. ನಾನು ಕೇಳುವುದು ಚಿಕ್ಕದನ್ನು. ನ್ಯಾಯಾಲಯದ ಶುಲ್ಕ ಸಂವಿಧಾನದ ರಾಜ್ಯ ಪಟ್ಟಿಯಲ್ಲಿದೆ. ನಮ್ಮ 1958ರ ಕೋರ್ಟ್ ಶುಲ್ಕ ಕಾಯ್ದೆಯನ್ನು ತಿದ್ದಲು ದೆಹಲಿಯ ಅಪ್ಪಣೆ ಬೇಕಿಲ್ಲ. ಮಾರಕ ಅಪಘಾತಗಳ ಕಾಯ್ದೆಯಡಿ ಹೂಡುವ ದಾವೆಗಳಿಗೆ, ಎಂವಿಸಿ ಕೇಸಿನ ಹಾಗೆಯೇ, ಹೆಸರಿಗಷ್ಟೇ ಶುಲ್ಕ ಎಂದು ವಿಧಾನಮಂಡಲ ಒಂದು ಸಾಲು ಸೇರಿಸಿದರೆ ಸಾಕು. ಈ ಸಭೆಯಲ್ಲಿ ವಕೀಲರ ಸಂಘದ ಪದಾಧಿಕಾರಿಗಳಿದ್ದಾರೆ. ಆ ಒಂದು ಸಾಲಿನ ಕರಡನ್ನು ಬರೆದು ಕಾನೂನು ಸಚಿವರಿಗೆ ಕಳಿಸಿಕೊಡಿ ಎಂದು ಅವರನ್ನು ಕೇಳಿಕೊಳ್ಳುತ್ತೇನೆ.